ಡಿಸ್ಕಸ್ ಮರಿಗಳು ಯಾಕೆ ಬೆಳೆಯಲಿಲ್ಲ

ಕುವೆಂಪುನಗರ, ಮೈಸೂರು
೧೪-೧೨-೨೦೨೫, ಭಾನುವಾರ

ಮುದ್ದಿನ ಮೊಮ್ಮಗಳು ಲಾಸ್ಯಳಿಗೆ ತಾತನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಮಂಗಳೂರಿನ ಸೆಕೆಗೆ ಮೈಮೇಲೆ ಗುಳ್ಳೆ ಎದ್ದಿದೆ ಅಂದಿದ್ದೆಯಲ್ಲ, ಕಡಿಮೆಯಾಯಿತೇ? ಹಾಸ್ಟೆಲಿನ ಕುಚ್ಚಲಕ್ಕಿ ಅನ್ನ ಒಗ್ಗಿತೇ? ನಾನು ಚೆನ್ನಾಗಿದ್ದೇನೆ, ಮಂಡಿನೋವು ಮಾತ್ರ ಇದ್ದಲ್ಲೇ ಇದೆ. ಫೋನು ಇರುವಾಗ ತಾತ ಯಾಕೆ ಕಾಗದ ಬರೆದ ಎಂದು ಹುಬ್ಬೇರಿಸಬೇಡ. ಫೋನು ಮಾಡಿದರೆ ಎರಡನೇ ಮಾತಿಗೇ ‘ತಾತಾ, ವಿಡಿಯೋದಲ್ಲಿ ಮೀನಿನ ಟ್ಯಾಂಕ್ ತೋರ್ಸು’ ಅನ್ನುತ್ತೀಯ. ನೀನು ನನ್ನನ್ನು ನಂಬುತ್ತಿಲ್ಲ ಎಂದು ನನಗೆ ಅನುಮಾನ.

ವಿಷಯ ಏನೆಂದರೆ, ದಸರಾ ರಜೆಯಲ್ಲಿ ನೀನು ತಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಟ್ಟುಹೋದ ಎಂಟು ಡಿಸ್ಕಸ್ ಮೀನಿನ ಮರಿಗಳು ಬೆಳೆಯುತ್ತಿಲ್ಲ. ಆಗ ಐದು ರೂಪಾಯಿ ನಾಣ್ಯದಷ್ಟಿದ್ದವು, ಈಗಲೂ ಬಿಸ್ಕತ್ತಿನಷ್ಟಾಗಿಲ್ಲ. ಮೈ ಚಿಕ್ಕದಾಗೇ ಉಳಿದು ಕಣ್ಣು ಮಾತ್ರ ದೊಡ್ಡದಾಗುತ್ತಿದೆ. ‘ಮೊದಲ ಆರು ತಿಂಗಳಲ್ಲಿ ಕುಗ್ಗಿದ್ರೆ ಆಮೇಲೆ ಏನ್ ಮಾಡಿದ್ರೂ ಬೆಳೆಯಲ್ಲ ತಾತ’ ಎಂದು ನೀನು ಹೇಳಿದ್ದು ಕಿವಿಯಲ್ಲೇ ಇದೆ. ದೊಡ್ಡದು ಮಾಡಿ, ಜೋಡಿ ಕಟ್ಟಿಸಿ, ಮರಿ ಮಾಡಿಸಬೇಕೆಂದು ನೀನು ಆಸೆಪಟ್ಟ ಮೀನುಗಳು. ನನಗೆ ಭಯವಾಗುತ್ತಿದೆ.

ಇದರಲ್ಲಿ ಯಾರದೋ ಕೈವಾಡ ಇದೆ. ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನು ನಾನು, ಮುಖ ನೋಡಿಯೇ ಕಳ್ಳನನ್ನು ಹಿಡಿಯುತ್ತಿದ್ದೆ. ಮೀನು ಸಾಕುವ ಬಗೆ ಬರೆದು ನೀನು ಗೋಡೆಗೆ ಅಂಟಿಸಿದ ಚೀಟಿಯ ಎರಡನೇ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದನ್ನೂ ನಾನು ತಪ್ಪಿಸಿಲ್ಲ. ನೀನು ಹೋದ ಮೇಲೆ ನಾನು ತಂದ ಟ್ಯಾಂಕಿನ ತಳಕ್ಕೆ ಕಲ್ಲು ಮರಳು ಹಾಕಿಲ್ಲ. ದಿನಕ್ಕೆ ಐದು ಸಲ ಚಿಟಿಕೆ ಚಿಟಿಕೆ ಆಹಾರ. ದಿನವೂ ಅರ್ಧ ನೀರು ತೆಗೆದು, ಡ್ರಮ್ಮಿನಲ್ಲಿ ಒಂದು ದಿನ ಇಟ್ಟ ನೀರನ್ನೇ ತುಂಬುತ್ತೇನೆ. ಮತ್ತೆ ಯಾರು? ಲಷ್ಕರ್ ಮೊಹಲ್ಲಾದ ಅಂಗಡಿಯವನು ಕೊಟ್ಟ ಹೀಟರ್ ಇಪ್ಪತ್ತೊಂಬತ್ತು ಡಿಗ್ರಿ ಎಂದು ಸುಳ್ಳು ಹೇಳುತ್ತಿದೆಯೇನೋ ಎಂದು ಮನೆಯ ಜ್ವರದ ಥರ್ಮಾಮೀಟರ್ ಅದ್ದಿದೆ. ಅದು ಮೂವತ್ತೈದರಿಂದ ಶುರುವಾಗುತ್ತದೆ ಎಂದು ಅದ್ದಿದ ಮೇಲೆ ನೆನಪಾಯಿತು. ಡ್ರಮ್ಮಿನ ಮುಚ್ಚಳಕ್ಕೆ ಗುಟ್ಟಾಗಿ ದಾರ ಕಟ್ಟಿ ನೋಡಿದೆ, ಬೆಳಿಗ್ಗೆ ಗಂಟು ಹಾಗೇ ಇತ್ತು. ನೆಲ ಒರೆಸುವ ಬೋರಮ್ಮನ ಹಿಂದೆಯೇ ಎರಡು ದಿನ ತಿರುಗಿದೆ. ಅವಳು ಬಕೆಟ್ ಕುಕ್ಕಿ, ‘ಮೀನಿಗ್ಯಾಕ್ ಸ್ವಾಮಿ ಫಿನಾಯಿಲ್ ಆಕ್ಲಿ, ನಂಗೇನ್ ತಲೆ ಕೆಟ್ಟದಾ?’ ಅಂದಳು. ಅವಳು ಅಲ್ಲ ಎಂದು ಬಿಟ್ಟೆ.

ಉಳಿದವಳು ನಿಮ್ಮಮ್ಮ. ಬೇಜಾರು ಮಾಡಿಕೊಳ್ಳಬೇಡ. ಹೋದ ವಾರ ಅಕ್ಷತಾ ಹಾಲ್‌ನಲ್ಲಿ ನಿನ್ನಜ್ಜಿಯ ಮಂಚ ಇರುವ ಗೋಡೆಯನ್ನು ಟೇಪು ಹಿಡಿದು ಅಳೆಯುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಟೇಪನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. ಪಾರ್ವತಿ ಲಿಂಗೈಕ್ಯಳಾಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಮಂಚದ ಮೇಲೆ ಕಣ್ಣು. ಈ ಕಾಗದವನ್ನೂ ಆ ಮಂಚದ ಮೇಲೆ ಕೂತೇ ಬರೆಯುತ್ತಿದ್ದೇನೆ, ಕಾವಲಿಗೆ.

ಹೊತ್ತು ಹೊತ್ತಿಗೆ ಊಟ ಮಾಡು. ನಿಮ್ಮಪ್ಪ ನಿನ್ನನ್ನು ಕೇಳಿದ ಎಂದು ತಿಳಿಸಲು ಹೇಳಿದ್ದಾನೆ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಾತ,
ಸಿದ್ದಲಿಂಗಸ್ವಾಮಿ

ವಿ.ಸೂ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಚೀಟಿಯ ಮೊದಲ ಸಾಲು ‘ನಾಲ್ಕಡಿ ಟ್ಯಾಂಕ್, ಅದಕ್ಕಿಂತ ಚಿಕ್ಕದು ಬೇಡ.’ ನಾನು ತಂದದ್ದು ಎರಡಡಿಯದು. ನಿನಗೆ ನಾಲ್ಕಡಿ ಎಂದು ಹೇಳಿದೆ, ನಿಮ್ಮಮ್ಮನಿಗೆ, ಎರಡಡಿ ಸಾಕು ಅಂದವಳು ನೀನೇ ಎಂದು ಹೇಳಿದೆ. ನಾಲ್ಕಡಿಯದು ಇಡಲು ಆ ಗೋಡೆ ಬಿಟ್ಟರೆ ಜಾಗವಿಲ್ಲ. ಮಂಚ ಎತ್ತಿಸಲು ನನಗೆ ಮನಸ್ಸು ಬರಲಿಲ್ಲ ಮಗಳೇ. ಈಗ ತಾನೇ ಅಕ್ಷತಾಳನ್ನು ಕರೆದು ಎಲ್ಲ ಒಪ್ಪಿಕೊಂಡೆ. ಅವಳಿಗೆ ಮೊದಲೇ ಗೊತ್ತಿತ್ತಂತೆ, ಗೋಡೆ ಅಳೆದದ್ದೂ ಟ್ಯಾಂಕಿಗೇ ಅಂತೆ, ಹೇಳಲು ಅಳುಕಿದ್ದಳಂತೆ. ‘ಅತ್ತೆ ಇದ್ದಿದ್ರೆ ಮಂಚಾನ ಯಾವತ್ತೋ ಎತ್ತಿಸ್ಬುಡ್ತಿದ್ರು ಮಾವ’ ಅಂದಳು. ಒಂದು ಕಡೆ ಅವಳು ಹಿಡಿದಳು, ಇನ್ನೊಂದು ಕಡೆ ನಾನು. ಈಗ ಮಂಚ ನನ್ನ ಕೋಣೆಯಲ್ಲಿದೆ. ನಾಳೆ ನಾಲ್ಕಡಿ ಟ್ಯಾಂಕ್ ಬರುತ್ತದೆ. ಎರಡು ತಿಂಗಳು ನಾನೇ ಹಾಳು ಮಾಡಿದೆ, ಇನ್ನೂ ಬೆಳೆಯುತ್ತವೆಯೇ? ಕಾಗದ ಸಿಕ್ಕಿದ ಕೂಡಲೇ ವಿಡಿಯೋದಲ್ಲೇ ಫೋನು ಮಾಡು. ಈ ತುದಿಯಿಂದ ಆ ತುದಿಯವರೆಗೆ ತೋರಿಸುತ್ತೇನೆ.