ದಾಖಲೆಯ ಒಂದು ಸಾಲು

ಮಹದಿಯಾ,
೧೯ ಮೇ ೨೦೧೯

ಮುಂಜಿಯಾ,

ನಿನ್ನನ್ನು ಏನೆಂದು ಕರೆಯಲಿ ಎಂದು ತಿಳಿಯದೆ ಎರಡು ಹಾಳೆ ಹರಿದೆ. ‘ಪ್ರೀತಿಯ’ ಎಂದರೆ ನಗುತ್ತೀಯ. ‘ಮಾನ್ಯರೇ’ ಎಂದರೆ ಇನ್ನೂ ಜೋರಾಗಿ ನಗುತ್ತೀಯ. ಪಕ್ಕಪಕ್ಕದ ಮಗ್ಗದಲ್ಲಿ ಕೂತಿದ್ದಾಗಲೂ ನಾವು ಹೆಸರು ಹಿಡಿದೇ ಕೂಗುತ್ತಿದ್ದೆವಲ್ಲ, ಹಾಗೇ ಇರಲಿ.

ಗುರುವಾರ ನಿನ್ನ ಮನೆ ಬಾಗಿಲಿಗೆ ಬಂದಾಗ ನೀನು ಆಡಿದ ಮಾತನ್ನು ಮೂರು ದಿನದಿಂದ ಜಗಿಯುತ್ತಿದ್ದೇನೆ. ಉಪವಾಸದ ತಿಂಗಳಲ್ಲಿ ಹಗಲು ಹೊತ್ತು ಜಗಿಯಲು ಸಿಕ್ಕಿದ್ದು ಅದೊಂದೇ. “ಸಹಿ ಹಾಕ್ತೀನಿ ಕಣೇ. ಆದ್ರೆ ಹದಿನೇಳು ವರ್ಷದಿಂದ ಊರೆಲ್ಲ ನನ್ನ ಸುಳ್ಳುಗಾತಿ ಅಂತ ಹೇಳ್ಕೊಂಡು ಬಂದೆಯಲ್ಲ, ಮೊದ್ಲು ನಿಜ ಏನು ಅಂತ ಕೈಯಾರೆ ಬರೆದು ಕೊಡು” ಎಂದೆ. ಬಾಯಲ್ಲಿ ಹೇಳಿದರೆ ಸಾಲದೇ ಎಂದು ನಾನು ಕೇಳಿದೆ. “ನಿನ್ನ ಬಾಯಿ ಹೇಳದೆ ಇರೋದು ಏನಿದೆ?” ಎಂದು ನೀನು ಬಾಗಿಲು ಹಾಕಿಕೊಂಡೆ.

ಅವತ್ತು ನಾನು ಬಂದ ಕಾರಣವನ್ನು ನಿಂತಲ್ಲೇ ಅರ್ಧಂಬರ್ಧ ಹೇಳಿದ್ದೆ. ಈಗ ಪೂರ್ತಿ ಹೇಳುತ್ತೇನೆ.

ನನ್ನ ತಂಗಿ ನಜ್ವಾ ಜನವರಿಯಲ್ಲಿ ತೀರಿಕೊಂಡಳು. ಚಿಕ್ಕವಳಿದ್ದಾಗ ನೀನೇ ಅವಳಿಗೆ ಜಡೆ ಹಾಕುತ್ತಿದ್ದೆ. ಅವಳ ಗಂಡ ಮೂರು ವರ್ಷದ ಹಿಂದೆ ಇಟಲಿಗೆಂದು ದೋಣಿ ಹತ್ತಿ ಹೋದ. ಅವನ ಸುದ್ದಿಯೂ ಬರಲಿಲ್ಲ, ಹೆಣವೂ ಬರಲಿಲ್ಲ. ಮಗಳು ಯುಸ್ರಾಗೆ ನಾಲ್ಕು ವರ್ಷ. ನಜ್ವಾ ಸತ್ತ ದಿನ ಆಸ್ಪತ್ರೆಯಿಂದಲೇ ಮಗುವನ್ನು ಮಕ್ಕಳ ಆಶ್ರಯಧಾಮಕ್ಕೆ ಕರೆದೊಯ್ದರು. ನಾನು ಅವಳ ದೊಡ್ಡಮ್ಮ, ನಾನು ಸಾಕುತ್ತೇನೆ ಎಂದೆ. ಕಾಗದಪತ್ರ ತನ್ನಿ ಎಂದರು. ಎಲ್ಲ ತಂದುಕೊಟ್ಟೆ. ನನ್ನ ಅಪರಾಧ ದಾಖಲೆಯ ಪತ್ರದಲ್ಲಿ ಇದ್ದದ್ದು ಒಂದೇ ಸಾಲು: ಕಳ್ಳತನ, ನಾಲ್ಕು ತಿಂಗಳ ಸೆರೆ, ೨೦೦೨. ಮೇಜಿನ ಹಿಂದೆ ಕೂತಿದ್ದ ಹೆಂಗಸು ಅದನ್ನು ಓದಿ, ಬೆರಳ ತುದಿಯಲ್ಲಿ ನನ್ನ ಕಡೆಗೇ ತಳ್ಳಿದಳು.

ಶುಕ್ರವಾರ ಒಂದು ಗಂಟೆ ಮಗುವನ್ನು ನೋಡಲು ಬಿಡುತ್ತಾರೆ. ಮೊದಮೊದಲು ನಾನು ಹೊರಡುವಾಗ ಯುಸ್ರಾ ನನ್ನ ಸೆರಗು ಬಾಯಲ್ಲಿ ಕಚ್ಚಿ ಹಿಡಿಯುತ್ತಿದ್ದಳು. ಮೊನ್ನೆ ಅಳಲಿಲ್ಲ. ಗೇಟಿನವರೆಗೆ ಬಂದು, ಕೈ ಬೀಸಿ, ತಾನೇ ತಿರುಗಿ ಒಳಗೆ ಹೋದಳು. ಮುಂಜಿಯಾ, ಅವಳು ಅಳದೆ ಹೋದದ್ದನ್ನು ನನಗೆ ತಾಳಲಾಗುತ್ತಿಲ್ಲ.

ಸ್ಫಾಕ್ಸ್ ನಗರದ ದಂಪತಿ ಅವಳನ್ನು ಕೇಳಿದ್ದಾರೆ. ಒಳ್ಳೆಯ ಜನವಂತೆ. ಕುಟುಂಬ ನ್ಯಾಯಾಧೀಶರು ಜೂನ್ ಹದಿನೇಳರವರೆಗೆ ನನಗಾಗಿ ಕಾಯುತ್ತಾರೆ, ಆಮೇಲೆ ಅವಳನ್ನು ಅವರಿಗೆ ಒಪ್ಪಿಸುತ್ತಾರೆ. ಆ ಸಾಲನ್ನು ಅಳಿಸಿಕೊಡಿ ಎಂಬ ನನ್ನ ಅರ್ಜಿ ಜೂನ್ ಹತ್ತಕ್ಕೆ ಇನ್ನೊಂದು ನ್ಯಾಯಾಲಯದ ಮುಂದೆ ಬರುತ್ತದೆ. ಎಲ್ಲವೂ ಸಿದ್ಧವಿದೆ, ಕಳವಾದವರ ಕಡೆಯಿಂದ ‘ನಮ್ಮದೇನೂ ತಕರಾರಿಲ್ಲ’ ಎಂಬ ಒಂದು ಹೇಳಿಕೆ ಬಿಟ್ಟು. ನಮ್ಮ ಯಜಮಾನರು ಹಾಜಿ ತಿಜಾನಿ ಈಗಿಲ್ಲ. ನೇಯ್ಗೆಯ ಕಾರ್ಖಾನೆ ಅವರ ಮಗ ಲಮ್ಜದ್‌ದು, ಅವನ ಹೆಂಡತಿಯಾದ ನಿನ್ನದು. ಅದಕ್ಕೇ ನಿನ್ನ ಬಾಗಿಲಿಗೆ ಬಂದದ್ದು.

ಈಗ ನೀನು ಕೇಳಿದ್ದು. ನಾನು ಕದ್ದೆ. ನೋಡಿದೆನೆಂದು ನೀನು ಪೊಲೀಸರಿಗೆ ಹೇಳಿದ್ದು ನಿಜ.

ಆ ಮದುವೆಯ ರೇಷ್ಮೆಯನ್ನು ಹನ್ನೊಂದು ದಿನ ನೇಯ್ದಿದ್ದೆ. ಕೊನೆಯ ದಿನ ಹಾಜಿ ಬಂದು ಸವರಿ ನೋಡಿ, “ಮೊನಾಸ್ತೀರ್‌ನ ಡಾಕ್ಟರ ಮಗಳಿಗೆ ಒಪ್ಪುತ್ತೆ” ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಂಡಿರದ ಹುಡುಗಿಯ ಮೇಲೆ ನನಗೆ ಎಂಥ ಸಿಟ್ಟು ಬಂತು! ಮಗ್ಗದಿಂದ ಕತ್ತರಿಸಿ, ಸುತ್ತಿ, ಬುತ್ತಿ ಚೀಲದ ತಳಕ್ಕೆ ತುರುಕಿದೆ. ತಲೆ ಎತ್ತಿದರೆ ನೀನು ನೋಡುತ್ತಿದ್ದೆ. ಮಾರುವ ಯೋಚನೆ ಇರಲಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ಸಲ ಹೊದ್ದುಕೊಳ್ಳಬೇಕು ಅನ್ನಿಸಿತ್ತು, ಅಷ್ಟೇ. ಇಷ್ಟು ಹೇಳಿದರೂ ಕಳ್ಳತನ ಕಳ್ಳತನವೇ, ನನಗೆ ಗೊತ್ತು.

ಸೆರೆಮನೆಯಿಂದ ಬಂದ ದಿನ ಅಮ್ಮ ಹೊಸ್ತಿಲಿಗೆ ಅಡ್ಡ ನಿಂತು, “ಒಂದೇ ಸಲ ಕೇಳ್ತೀನಿ. ಕದ್ಯಾ?” ಎಂದಳು. “ಇಲ್ಲಮ್ಮ, ಮುಂಜಿಯಾ ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದ್ಲು” ಎಂದೆ. ಅಮ್ಮ ಪಕ್ಕಕ್ಕೆ ಸರಿದಳು. ಆ ಮಾತಿನಿಂದ ಒಂದು ಮನೆ ಸಿಕ್ಕಿದ ಮೇಲೆ ಬಿಡಲಾಗಲಿಲ್ಲ. ನೆರೆಹೊರೆಯಲ್ಲಿ ಹೇಳಿದೆ, ಸ್ನಾನಕ್ಕೆ ಹೋದಾಗ ಹಮಾಮಿನಲ್ಲಿ ಹೇಳಿದೆ. ಮರುವರ್ಷ ನೀನು ಲಮ್ಜದ್‌ನನ್ನು ಮದುವೆಯಾದೆ, ಆಮೇಲೆ ನಾನು ಬಾಯಿ ಬಿಡದಿದ್ದರೂ ಅವನನ್ನು ಪಡೆಯಲೆಂದೇ ನೀನು ಸುಳ್ಳು ಹೇಳಿದೆ ಎಂದು ಜನ ನಂಬಿದರು. ನಿನ್ನ ಅಮ್ಮ ಸಾಯುವ ಮುಂಚೆ “ನಿಜ ಹೇಳು, ಆ ಹುಡುಗಿ ಮೇಲೆ ಸುಳ್ಳು ಹೇಳಿದ್ಯಾ?” ಎಂದು ಕೇಳಿದರಂತೆ. ಗುರುವಾರ ನೀನು ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನೂ ನಿನ್ನ ಮುಖ ನೋಡಲಿಲ್ಲ.

ವಕೀಲೆ ಸುಂದುಸ್ ಬೈದಳು: “ಹುಚ್ಚಾ ನಿಮ್ಗೆ? ಒಂದು ಸಾಲು ಅಳಿಸೋಕೆ ಇಡೀ ಕಾಗದ ಬರ್ಕೊಡ್ತೀರಾ? ಆಯಮ್ಮ ಇದನ್ನ ನ್ಯಾಯಾಧೀಶರ ಕೈಗೇ ಕೊಟ್ರೆ?” ಕೊಟ್ಟರೆ ಮುಗಿಯಿತು. ಮಗು ಹೋಗುತ್ತದೆ, ಊರಲ್ಲಿ ಉಳಿದ ಮಾನವೂ ಹೋಗುತ್ತದೆ. ಆದರೆ ಬರೆಯದಿದ್ದರೆ ಮಗು ಹೇಗೂ ಹೋಗುತ್ತದೆ. ನನಗೆ ಬೇರೆ ದಾರಿ ಇಲ್ಲ ಮುಂಜಿಯಾ. ನನ್ನ ಕುತ್ತಿಗೆಯನ್ನು ನಿನ್ನ ಕೈಗೆ ಕೊಟ್ಟಿದ್ದೇನೆ. ಏನು ಬೇಕಾದರೂ ಮಾಡು, ಆದರೆ ಹತ್ತನೇ ತಾರೀಕಿನೊಳಗೆ ಮಾಡು.

ಹೇದಿಯಾ

*

ಮಹದಿಯಾ,
೨೮ ಜೂನ್ ೨೦೧೯

ಹೇದಿಯಾ,

ಸಹಿ ಹಾಕಿದ್ದು ನಿನಗೆ ಗೊತ್ತು, ಉತ್ತರ ಮಾತ್ರ ಬರೆಯಲಿಲ್ಲ. ನಿನ್ನ ಕಾಗದ ಬಂದ ಮರುದಿನವೇ ಸಹಿಗೆ ಮೊಹರು ಹಾಕಿಸಲು ಪುರಸಭೆಗೆ ಹೋದೆ. ಲಮ್ಜದ್ ಗೊಣಗಿದರು: “ಅಪ್ಪ ಇದ್ದಿದ್ರೆ ಒಪ್ತಿರಲಿಲ್ಲ.” “ಅಪ್ಪ ಇಲ್ವಲ್ಲ, ಪೆನ್ನು ಕೊಡಿ” ಎಂದೆ. ಆಮೇಲೆ ನಿನ್ನ ವಕೀಲೆಯೇ ಫೋನು ಮಾಡಿ ಸಾಲು ಅಳಿಸಿದರು ಎಂದಳು, ಒಂದು ವಾರ ಬಿಟ್ಟು ಮಗು ಸಿಕ್ಕಿತು ಎಂದಳು. ಫೋನು ಇಟ್ಟ ಮೇಲೆ ಇಡೀ ಮಧ್ಯಾಹ್ನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ನಿನ್ನೆ ನೀವಿಬ್ಬರೂ ಕಾರ್ಖಾನೆಯ ಮುಂದೆ ಹಾದುಹೋದಿರಿ. ಅವಳು ನಿನ್ನ ಸೊಂಟದ ಮೇಲಿದ್ದಳು, ಇನ್ನೂ ಎತ್ತಿಕೊಳ್ಳುವ ವಯಸ್ಸೇನಲ್ಲ. ಮಗ್ಗದ ಸದ್ದು ಕೇಳಿ “ಏನದು?” ಎಂದು ಕೇಳಿದಳು. ನೀನು ಏನೋ ಹೇಳಿದೆ, ಇಬ್ಬರೂ ನಕ್ಕಿರಿ. ನಾನು ಕಿಟಕಿ ಪರದೆಯ ಹಿಂದೆ ಇದ್ದೆ. ಮೂಗು ನಜ್ವಾಳದೇ.

ನಿನ್ನ ಕಾಗದವನ್ನು ಯಾರಿಗೂ ತೋರಿಸಿಲ್ಲ. ತೋರಿಸಬೇಕು ಅಂತಲೇ ಬರೆಸಿಕೊಂಡಿದ್ದೆ. ಎರಡು ವಾರದ ಹಿಂದೆ ಹಮಾಮಿಗೆ ತೆಗೆದುಕೊಂಡು ಹೋದೆ. ನಾನು ಒಳಗೆ ಬಂದರೆ ಮಾತು ನಿಲ್ಲಿಸುವ ಆ ಹೆಂಗಸರೆಲ್ಲರ ನಡುವೆ ನಿಂತು ಗಟ್ಟಿಯಾಗಿ ಓದಬೇಕು ಎಂದುಕೊಂಡಿದ್ದೆ. ಎಲ್ಲರೂ ಇದ್ದರು. ಚೀಲದಲ್ಲಿ ಕೈ ಇಟ್ಟುಕೊಂಡು ಕೂತೆ, ಸ್ನಾನ ಮಾಡಿ ಎದ್ದು ಬಂದೆ. ಕಾಗದ ಹಬೆಗೆ ಮೆತ್ತಗಾಗಿತ್ತು, ಮನೆಯಲ್ಲಿ ಹರವಿ ಒಣಗಿಸಿದೆ. ಇದರ ಜೊತೆಗೆ ವಾಪಸು ಕಳಿಸಿದ್ದೇನೆ. ಸುಟ್ಟುಬಿಡು, ಇಲ್ಲವೇ ಇಟ್ಟುಕೋ.

ಮಗುವಿಗೆ ಮೀನಿನ ಮುಳ್ಳು ಆರಿಸಿ ಕೊಡು. ನಜ್ವಾಗೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಮುಂಜಿಯಾ

ತಾ.ಕ.: ಓದಲಿಲ್ಲ ಯಾಕೆ ಅಂದರೆ, ನೀನು ಸಿಕ್ಕಿಬಿದ್ದ ದಿನ ಪೊಲೀಸರು ನನ್ನ ಹೇಳಿಕೆ ಬರೆದುಕೊಳ್ಳುವಾಗ ನೀನು ಪಕ್ಕದ ಕೋಣೆಯಲ್ಲಿದ್ದೆ. “ಇದೇ ಮೊದಲ ಸಲವಾ?” ಎಂದು ಕೇಳಿದರು. “ಇಲ್ಲ, ಮುಂಚೆನೂ ಎರಡು ಮೂರು ಸಲ ತಗೊಂಡಿದ್ಲು” ಎಂದೆ. ಅದು ಸುಳ್ಳು. ಆಗ ಲಮ್ಜದ್ ದಿನವೂ ಬಂದು ನಿನ್ನ ಮಗ್ಗದ ಹತ್ತಿರವೇ ನಿಲ್ಲುತ್ತಿದ್ದರು. ಮೊದಲ ಸಲ ಅಂದಿದ್ದರೆ ಎಚ್ಚರಿಕೆ ಕೊಟ್ಟು ಮನೆಗೆ ಬಿಡುತ್ತಿದ್ದರು ಎಂದು ಮಾವನವರೇ ಆಮೇಲೆ ಹೇಳಿದರು. ಅಮ್ಮ ಸಾಯುವಾಗ ಕೇಳಿದ್ದಕ್ಕೆ “ಇಲ್ಲಮ್ಮ” ಎಂದೆ. ಇದನ್ನೂ ಕೈಯಾರೆ ಬರೆದಿದ್ದೇನೆ, ನಿನ್ನ ಹತ್ತಿರ ಇರಲಿ. ಹಮಾಮಿನಲ್ಲಿ ಓದುವುದಾದರೆ ಮಂಗಳವಾರ ಓದು. ಅವತ್ತು ನಾನೂ ಅಲ್ಲಿರುತ್ತೇನೆ.