ಗಾಜಿನ ಜಗ್ ಒಡೆದದ್ದು

ರೀ,

ಅಡುಗೆಮನೆಗೆ ಚಪ್ಪಲಿ ಹಾಕ್ಕೊಂಡೇ ಹೋಗಿ. ನಿಮ್ಮ ಗಾಜಿನ ಜಗ್ ಒಡೆದಿದೆ. ಗುಡಿಸಿದ್ದೀನಿ, ಆದ್ರೂ ಫ್ರಿಜ್ ಕೆಳಗೆ ಚೂರಿರಬಹುದು. ಅದನ್ನ ಕಟ್ಟೆ ಅಂಚಲ್ಲಿ ಇಡಬೇಡಿ ಅಂತ ಎಷ್ಟು ಬಡ್ಕೊಂಡಿದ್ದೀನಿ!

ಹೋದ ವಾರ ತಟ್ಟೆ ಬಿದ್ದಾಗ ನೀವು ಬಚ್ಚಲಿಂದ "ಏಟಾಯ್ತೇನೇ?" ಅಂತ ಕೇಳಿದ್ರಿ. ನಾನು "ನಾನಲ್ಲ" ಅಂದೆ. ಮನೇಲಿರೋದೇ ಇಬ್ಬರು! ಏನ್ಮಾಡ್ಲಿ, ಚಿಕ್ಕಂದಿನಲ್ಲಿ ಏನು ಒಡೆದ್ರೂ ಅಪ್ಪ ಕೋಲು ಹಿಡ್ಕೊಂಡೇ "ಯಾರು ಒಡೆದದ್ದು?" ಅಂತಿದ್ರು. ನಲವತ್ತೈದಾದ್ರೂ ನನ್ನ ಕಿವಿಗೆ ಎಲ್ಲರ ಪ್ರಶ್ನೆಯೂ ಅದೇ.

ಇವತ್ತೂ ಚೂರನ್ನೆಲ್ಲ ಬ್ಯಾಗಿಗೆ ಹಾಕ್ಕೊಂಡು, ನಮ್ಮ ಆಸ್ಪತ್ರೆಯ ಕಸದಬುಟ್ಟಿಗೆ ಸುರಿಯೋಣ ಅಂತ ಮನೆ ಬಾಗಿಲವರೆಗೂ ಹೋಗಿದ್ದೆ. ವಾಪಸ್ ಬಂದು ಸಿಂಕ್ ಪಕ್ಕ ಪೇಪರಲ್ಲಿ ಸುತ್ತಿಟ್ಟಿದ್ದೀನಿ, ನೋಡಿ.

ಡ್ಯೂಟಿಗೆ ಹೊತ್ತಾಯ್ತು.

ನಾನೇ ಒಡೆದದ್ದು. ಏಟಾಗಿಲ್ಲ.