ಬಾವಿಯ ಫಲಕಕ್ಕೊಂದು ಗವಸು

ಮಾನ್ಯ ನೀರು ಪರೀಕ್ಷಾಧಿಕಾರಿಗಳೇ,

ನಮ್ಮ ಓಣಿಯ ಬಾವಿಕಟ್ಟೆಗೆ ನೀವು ತಗುಲಿಸಿರುವ ‘ಈ ನೀರು ಕುಡಿಯಲು ಯೋಗ್ಯ’ ಎಂಬ ಹಸಿರು ಫಲಕವನ್ನು ದಯಮಾಡಿ ಬಿಚ್ಚಿಕೊಂಡು ಹೋಗಿ. ಅದು ಹಗಲುಹೊತ್ತಿನಲ್ಲೇ ಸುಳ್ಳು ಹೇಳುತ್ತಿದೆ. ತಪ್ಪು ಪೂರ್ತಿ ನಿಮ್ಮದೇ ಎನ್ನಲಾರೆ, ಅದರಲ್ಲಿ ನಮ್ಮ ಅತ್ತೆಯವರಿಗೂ ಒಂದು ಪಾಲಿದೆ. ಇದನ್ನೇ ಹೇಳಲು ನಿಮ್ಮ ಕಚೇರಿಗೆ ಬಂದಿದ್ದೆ. “ಫಲಕ ಹಾಕೋದು ನಾವು, ತೆಗೆಯೋದು ಬೇರೆ ವಿಭಾಗ” ಎಂದರು. ಆ ವಿಭಾಗ ಎಲ್ಲಿದೆ ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಬಾಗಿಲು ತೋರಿಸಿದರು. ಹಾಗಾಗಿ ನಾಲ್ಕು ಜನರ ಎದುರೇ ಹೇಳಿಬಿಡೋಣ ಎಂದು ಈ ಬಹಿರಂಗ ಪತ್ರ.

ನಾನು ಬಟ್ಟೆ ಹೊಲಿಯುವವಳು. ನನ್ನ ಮಿಷನ್ನು ಇರುವುದು ಮುಂದಿನ ಕೋಣೆಯ ಕಿಟಕಿಯ ಪಕ್ಕ, ಕಿಟಕಿಯ ಎದುರಿಗೇ ಬಾವಿ. ನಾಲ್ಕು ಮನೆಯವರು ಸೇದುವ ಆ ಬಾವಿಯ ಮಗ್ಗುಲಲ್ಲೇ ಚರಂಡಿಯ ಪೈಪು ಹಾದುಹೋಗಿದೆ. ಕಳೆದ ಮಳೆಗಾಲದಲ್ಲಿ ಅದು ಬಿರುಕು ಬಿಟ್ಟಿತು. ಆಮೇಲೆ ನೀರಿಗೆ ಒಂದು ವಾಸನೆ ಬಂತು, ನನ್ನ ಮಗಳಿಗೆ ಹೊಟ್ಟೆ ಕೆಟ್ಟಿತು. “ಮೊದಲು ನೀರು ಪರೀಕ್ಷೆ ಮಾಡಿಸಿ” ಎಂದರು ಡಾಕ್ಟರು. ಪೈಪು ಸರಿಮಾಡುವವರೂ ಅದನ್ನೇ ಹೇಳಿದರು: ನೀರು ಕೆಟ್ಟಿದೆ ಎಂದು ನೀವು ಬರೆದುಕೊಟ್ಟರೆ ಮಾತ್ರ ಅವರು ಗುದ್ದಲಿ ಮುಟ್ಟುತ್ತಾರಂತೆ. ಸರಿ, ನಿಮಗೆ ಅರ್ಜಿ ಹಾಕಿದೆ.

ಇಲ್ಲಿ ನಮ್ಮ ಅತ್ತೆಯವರ ಪರಿಚಯ ಮಾಡಿಕೊಡಬೇಕು. ಮಗಳಿಗೆ ಹುಷಾರು ತಪ್ಪಿದ ದಿನದಿಂದ ನಮ್ಮ ಅಡುಗೆಮನೆ ನಿಮ್ಮ ಪ್ರಯೋಗಾಲಯಕ್ಕಿಂತ ಬಿಗಿಯಾಗಿದೆ. ಸೇದಿ ತಂದ ನೀರಿನಲ್ಲಿ ಅತ್ತೆ ಪಟಿಕದ ತುಂಡು ತಿರುಗಿಸುತ್ತಾರೆ. ಕೆಸರು ತಳಕ್ಕಿಳಿದ ಮೇಲೆ ತಿಳಿಯನ್ನು ಬಗ್ಗಿಸಿ, ಮರಳು, ಇದ್ದಿಲು ತುಂಬಿದ ಮಡಕೆಯಲ್ಲಿ ಇಳಿಸುತ್ತಾರೆ. ಅದು ಸಾಲದೆಂದು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತಾರೆ. ಆ ಬಟ್ಟೆ ನನ್ನ ಗಿರಾಕಿಯೊಬ್ಬರ ಲೈನಿಂಗಿಗೆಂದು ತಂದದ್ದು, ಅವರು ಈ ಪತ್ರ ಓದುತ್ತಿದ್ದರೆ ಹೊಟ್ಟೆಗೆ ಹಾಕಿಕೊಳ್ಳಲಿ. ಕೊನೆಗೆ ನೀರು ಕೊತಕೊತ ಕುದಿಯಬೇಕು, ಮುಚ್ಚಿಟ್ಟೇ ಆರಬೇಕು. ಆ ಪಾತ್ರೆಗೆ ಯಾರಾದರೂ ಎಂಜಲು ಲೋಟ ಅದ್ದಿದರೆ ಅವರ ನೀರಿಳಿಸಿಬಿಡುತ್ತಾರೆ.

ನಿಮ್ಮ ಸಿಬ್ಬಂದಿ ಬಾಟಲಿ ಹಿಡಿದು ಬಂದಾಗ ನಾನು ಬಟ್ಟೆ ತಲುಪಿಸಲು ಹೋಗಿದ್ದೆ. ಬಿಸಿಲಿಗೆ ದಣಿದಿದ್ದ ಅವರು ಹೊಸ್ತಿಲ ಬಳಿಯೇ ನಿಂತು, “ನಿಮ್ಮನೆ ನೀರು ತುಂಬಿಸಿಕೊಡಿ ಅಮ್ಮಾ, ಸಾಹೇಬ್ರು ಪರೀಕ್ಷೆ ಮಾಡ್ಬೇಕು” ಅಂದರಂತೆ. ಸಾಹೇಬರು ನೋಡುವ ನೀರು! ಅದನ್ನು ಬಾವಿಯಿಂದ ಹಾಗೇ ಎತ್ತಿಕೊಡಲು ನಮ್ಮ ಅತ್ತೆಗೆ ಮನಸ್ಸಾದರೂ ಹೇಗೆ ಬರಬೇಕು? ಅವರನ್ನು ನೆರಳಿನಲ್ಲಿ ಕೂರಿಸಿ, ಸೋಸಿದ್ದನ್ನೇ ಇನ್ನೊಮ್ಮೆ ಸೋಸಿ, ಕುದಿಸಿ, ಬಾಟಲಿಯನ್ನೂ ಬಿಸಿನೀರಿನಲ್ಲಿ ತೊಳೆದು ತುಂಬಿಸಿ ಕೊಟ್ಟರು. ನಾನು ಮನೆಗೆ ಬಂದಾಗ, “ಹೊರಗಿನವರ ಮುಂದೆ ಮನೆ ಮರ್ಯಾದೆ ಉಳಿಸಿದೀನಿ” ಎಂದು ಬೀಗುತ್ತಿದ್ದರು.

ನಾನು ತಲೆ ತಲೆ ಚಚ್ಚಿಕೊಂಡೆ. ಆದರೂ ಧೈರ್ಯವಿತ್ತು, ನೀವು ಓದಿಕೊಂಡವರು, ಕಂಡುಹಿಡಿಯುತ್ತೀರಿ ಎಂದು. ಕೇಳುತ್ತೇನೆಂದು ಬೇಸರ ಬೇಡ: ಬಾವಿಯ ನೀರು ಬೆಚ್ಚಗೆ ಬಂತಲ್ಲ, ಒಬ್ಬರಿಗಾದರೂ ಅನುಮಾನ ಬರಲಿಲ್ಲವೇ? ನಮ್ಮ ಬಾವಿಯ ತಳದಲ್ಲಿ ಒಲೆ ಹೊತ್ತಿಸಿದ್ದೇವೆ ಎಂದುಕೊಂಡಿರಾ? ನೀರು ಯೋಗ್ಯವೆಂಬ ಪ್ರಮಾಣಪತ್ರವೇ ಬಂತು. ನಡೆದದ್ದನ್ನು ನಾನು ಬರೆದು ತಿಳಿಸಿದರೆ, ‘ಫಲಿತಾಂಶ ಅಂತಿಮ’ ಎಂದು ಉತ್ತರ ಬಂತು. ಪೈಪಿನವರು, “ನೀರು ಇಷ್ಟು ಚೆನ್ನಾಗಿರುವಾಗ ನೆಲ ಯಾಕೆ ಅಗೀಬೇಕು?” ಎಂದು ಕೈತೊಳೆದುಕೊಂಡರು. ನೀವು ಸಂತೋಷ ತಡೆಯಲಾರದೆ ಹಸಿರು ಫಲಕವನ್ನೂ ಕಳಿಸಿದಿರಿ. ಪ್ರಮಾಣಪತ್ರವನ್ನು ಅತ್ತೆ ಅಡುಗೆಮನೆಯ ಗೋಡೆಗೆ ಅಂಟಿಸಿ ಬಂದವರಿಗೆಲ್ಲ ತೋರಿಸಿದರು.

ಇಲ್ಲಿಯವರೆಗೆ ನಗುವ ಸಂಗತಿಯೇ. ಆದರೆ ಪಕ್ಕದ ಮನೆಯಲ್ಲಿ ಬೇಕರಿಯವರ ಹೆಂಡತಿ ಇದ್ದಾಳೆ. ಅವಳ ಕೂಸು ಈಗಷ್ಟೇ ಲೋಟದಲ್ಲಿ ನೀರು ಕುಡಿಯಲು ಕಲಿತಿದೆ. ಫಲಕ ಬಂದ ದಿನವೇ ಅವಳು ನೀರು ಕುದಿಸುವುದನ್ನು ಬಿಟ್ಟಳು. ನಾನು ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. “ಹೋಗಕ್ಕಾ, ದೊಡ್ಡ ಕಚೇರಿಯವರು ಬರೆದು ಹಾಕಿರೋದು ಸುಳ್ಳು, ನೀನು ಹೇಳೋದು ನಿಜಾನಾ?” ಎಂದು ನಕ್ಕಳು. ನನ್ನ ಹತ್ತಿರ ಹಸಿರು ಫಲಕವಿಲ್ಲ.

ಆ ವಾರವೇ ಕೂಸಿಗೆ ಭೇದಿ ಹತ್ತಿತು. ಆಸ್ಪತ್ರೆಯಿಂದ ಮರಳಿ ಬಂದಾಗ ಅದರ ಕಣ್ಣುಗಳು ಗುಳಿಬಿದ್ದಿದ್ದವು. ಅವತ್ತು ಅತ್ತೆ ಊಟ ಮಾಡಲಿಲ್ಲ. ಗೋಡೆಯ ಪ್ರಮಾಣಪತ್ರ ಕಿತ್ತು, ಆರಿಸಿದ ನೀರಿನ ತಂಬಿಗೆ ಹಿಡಿದು ಪಕ್ಕದ ಮನೆಗೆ ಹೋದರು. “ಪಾಸಾಗಿದ್ದು ಬಾವಿ ಅಲ್ಲ ಮಗಳೇ, ನನ್ನ ಒಲೆ. ಮಗುಗೆ ಇನ್ಮೇಲೆ ಇದನ್ನೇ ಕೊಡು” ಎಂದು ಹೇಳಿ ತಂಬಿಗೆಯನ್ನು ಅವಳ ಕೈಗಿಟ್ಟರು. ಮಂಡಿ ನೋವಿದ್ದರೂ ಈಗ ದಿನಾ ಬೆಳಿಗ್ಗೆ ತಾವೇ ಒಯ್ದು ಕೊಡುತ್ತಾರೆ. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಉಳಿದದ್ದು ನಿಮ್ಮ ಮೇಲಿನದು ಮಾತ್ರ.

ಇನ್ನೆರಡು ಮನೆಯವರು ಈಗಲೂ ಫಲಕವನ್ನೇ ನಂಬುತ್ತಾರೆ. ಅದಕ್ಕೇ ನಾನು ಅದಕ್ಕೊಂದು ದಪ್ಪ ಬಟ್ಟೆಯ ಗವಸು ಹೊಲಿದು ತೊಡಿಸಿದೆ. ಅಳತೆ ಸರಿಯಾಗಿ ಕೂತಿತ್ತು, ಅಂಚಿಗೆ ಎರಡು ಹೊಲಿಗೆ ಹಾಕಿದ್ದೆ. ಪೈಪಿನ ಬಗ್ಗೆ ಒಂದು ಮಳೆಗಾಲವಿಡೀ ಬಾಯಿಬಿಡದ ವ್ಯವಸ್ಥೆ, ಗವಸಿನ ಬಗ್ಗೆ ಮರುದಿನವೇ ನೋಟೀಸು ಕೊಟ್ಟಿತು: ಸಾರ್ವಜನಿಕ ಫಲಕವನ್ನು ಮರೆಮಾಚಿದ್ದೇಕೆ, ವಿವರಣೆ ನೀಡಿ. ನೀಡಿದ್ದೇನೆ, ಮೇಲೆ ಓದಿ.

ಈಗ ಬೇಡಿಕೆ. ಫಲಕ ತೆಗೆಯಿರಿ. ನಿಮ್ಮವರೇ ಬಂದು ಹಗ್ಗ ಹಿಡಿದು, ಕೊಡ ಇಳಿಸಿ, ಬಾವಿಕಟ್ಟೆಯ ಮೇಲೆಯೇ ಬಾಟಲಿ ತುಂಬಿಸಲಿ. ಬಾಟಲಿ ನಮ್ಮ ಹೊಸ್ತಿಲು ದಾಟಬಾರದು. ಬಂದ ಫಲಿತಾಂಶವನ್ನು ಪೈಪಿನವರಿಗೆ ಕಳಿಸಿ.

ಇನ್ನೊಂದು ಮಾತು. ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಎಲ್ಲ ಕೇಳಿ ತಲೆಯಾಡಿಸಿದರು. ಆಮೇಲೆ ಮೆಲ್ಲಗೆ, “ಅವರು ಬರೋ ದಿನ ಮಾತ್ರ ಮೊದಲೇ ತಿಳಿಸೋಕೆ ಹೇಳು. ನಾಲ್ಕು ಜನ ನೋಡೋ ಬಾವಿ, ಹಿಂದಿನ ದಿನ ಒಂದಿಷ್ಟು ಪಟಿಕನಾದ್ರೂ ಹಾಕಿಡ್ತೀನಿ” ಎಂದರು.

ಆದ್ದರಿಂದ ಮಾನ್ಯರೇ, ಕೈಮುಗಿದು ಕೇಳಿಕೊಳ್ಳುತ್ತೇನೆ, ಹೇಳದೆ ಬನ್ನಿ.

ಇಂತಿ,
ತಾವು ಯೋಗ್ಯವೆಂದ ನೀರನ್ನು ಕುದಿಸದೆ ಕುಡಿಯುವ ಧೈರ್ಯವಿಲ್ಲದ,
ಗವಸಿನ ಆರೋಪಿ,
ಬಾವಿ ಎದುರಿನ ಹೊಲಿಗೆಯವಳು